ಸ್ವಾಮ್ಯವಿಚಾರ: ಹಲಸಿ-ಬೆಳಗಾವಿಗಳ ದಾನಶಾಸನಗಳೂ ಡಿಜಿಟಲ್ ವಸ್ತುಗಳ ಒಡೆತನವೂ

೧

ಒಂದು ವಸ್ತುವನ್ನು ‘ಇದು ನನ್ನದು’ ಎಂದು ಹೇಳಿಕೊಳ್ಳುವವನು ಯಾವ ಬಲದಿಂದ ಹಾಗೆ ಹೇಳುತ್ತಾನೆ ಎಂಬ ಪ್ರಶ್ನೆ ನಮ್ಮ ಧರ್ಮಶಾಸ್ತ್ರಕಾರರಿಗಾಗಲಿ ಶಾಸನಗಳನ್ನು ಬರೆಯಿಸಿದ ಅರಸರಿಗಾಗಲಿ ಅಪರಿಚಿತವಾಗಿರಲಿಲ್ಲ. ಹೊಲ, ಊರು, ಸುಂಕ ಇವುಗಳ ಒಡೆತನವನ್ನು ಕುರಿತು ಅವರು ವಿಚಾರಮಾಡಿ ತಮ್ಮ ನಿರ್ಣಯಗಳನ್ನು ತಾಮ್ರದಲ್ಲಿಯೂ ಶಿಲೆಯಲ್ಲಿಯೂ ಉಳಿಸಿಹೋಗಿದ್ದಾರೆ. ಈ ಶತಮಾನದಲ್ಲಿ ಅದೇ ಪ್ರಶ್ನೆ ಹೊಸದೊಂದು ವರ್ಗದ ವಸ್ತುಗಳ ವಿಷಯದಲ್ಲಿ ಎದ್ದಿದೆ. ಅಂತರಜಾಲದ ಮೂಲಕ ಹಣತೆತ್ತು ಪಡೆಯುವ ಇ-ಪುಸ್ತಕ, ಸಂಗೀತ, ಚಲಚ್ಚಿತ್ರ, ತಂತ್ರಾಂಶ, ಕ್ರಿಪ್ಟೊ ನಾಣ್ಯ ಮುಂತಾದವುಗಳಿಗೆ ಕೊಂಡವನು ಒಡೆಯನೋ, ಅಥವಾ ಕೇವಲ ಅನುಭೋಗಿಯೋ?

ಈ ಶಂಕೆ ಕಾಲ್ಪನಿಕವಾದುದಲ್ಲ. ೨೦೦೯ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್‌ನ ಎರಡು ಕಾದಂಬರಿಗಳ ಪ್ರತಿಗಳನ್ನು, ಅವುಗಳನ್ನು ಕೊಂಡಿದ್ದ ಓದುಗರ ಕಿಂಡಲ್ ಯಂತ್ರಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವುಗಳನ್ನು ಮಾರಾಟಕ್ಕಿಟ್ಟವನಿಗೆ ಮಾರುವ ಹಕ್ಕಿರಲಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ. ೨೦೧೯ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ ಅಲ್ಲಿ ಕೊಂಡಿದ್ದ ಪುಸ್ತಕಗಳೆಲ್ಲವೂ ತೆರೆಯದಂತಾದವು. ಎರಡು ಸಂದರ್ಭಗಳಲ್ಲಿಯೂ ಬೆಲೆಯನ್ನು ಹಿಂದಿರುಗಿಸಲಾಯಿತು. ಆದರೆ ಬೆಳಗಾವಿಯ ಖಡೇಬಜಾರಿನಲ್ಲಿ ಪುಸ್ತಕ ಮಾರಿದ ವರ್ತಕನು ಕೊಂಡವನ ಮನೆಯನ್ನು ಹೊಕ್ಕು, ಕಪಾಟಿನಿಂದ ಪುಸ್ತಕವನ್ನು ತೆಗೆದುಕೊಂಡು, ಅದರ ಬೆಲೆಯನ್ನು ಮೇಜಿನ ಮೇಲಿಟ್ಟು ಹೋದರೆ ಅದನ್ನು ಯಾರೂ ನ್ಯಾಯವೆನ್ನಲಾರರು. ಒಂದರಲ್ಲಿ ಅನ್ಯಾಯವೆನಿಸುವುದು ಇನ್ನೊಂದರಲ್ಲಿ ಕರಾರಿನ ಮಾತಾಗುವುದು ಹೇಗೆಂಬುದನ್ನು, ಬೆಳಗಾವಿ ಮತ್ತು ಖಾನಾಪುರ ಪರಿಸರದ ದಾನಶಾಸನಗಳ ಹಾಗೂ ಭೂದಾಖಲೆಗಳ ಇತಿಹಾಸದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಖಾನಾಪುರ ತಾಲೂಕಿನ ಹಲಸಿಯೇ ಪ್ರಾಚೀನ ಪಲಾಶಿಕಾ ನಗರವೆಂಬುದೂ, ಅದು ಬನವಾಸಿಯ ಕದಂಬರ ಮುಖ್ಯ ಪಟ್ಟಣಗಳಲ್ಲಿ ಒಂದಾಗಿತ್ತೆಂಬುದೂ ಇತಿಹಾಸದ ವಿದ್ಯಾರ್ಥಿಗಳಿಗೆ ವಿದಿತವೇ ಆಗಿದೆ. ಈ ಊರಿನ ಪರಿಸರದಲ್ಲಿ ದೊರೆತ ಕದಂಬ ತಾಮ್ರಪಟಗಳನ್ನು ಫ್ಲೀಟರು ೧೮೭೭ರ ‘ಇಂಡಿಯನ್ ಆಂಟಿಕ್ವರಿ’ಯ ಆರನೆಯ ಸಂಪುಟದಲ್ಲಿ ಪ್ರಕಟಿಸಿದರು. ಇವು ಕ್ರಿ.ಶ. ಐದು ಮತ್ತು ಆರನೆಯ ಶತಮಾನಗಳಿಗೆ ಸೇರಿದವು, ಭಾಷೆ ಸಂಸ್ಕೃತ, ವಿಷಯ ಬಹುಮಟ್ಟಿಗೆ ಜೈನಧರ್ಮಕ್ಕೆ ಸಂಬಂಧಿಸಿದ ಭೂದಾನ.

ಇವುಗಳಲ್ಲಿ ಅತ್ಯಂತ ಪ್ರಾಚೀನವಾದುದು ಕಾಕುಸ್ಥವರ್ಮನದು. ತನ್ನನ್ನು ಕಾಪಾಡಿದ ಶ್ರುತಕೀರ್ತಿಯೆಂಬ ಸೇನಾಪತಿಗೆ ಅವನು ಖೇಟಗ್ರಾಮದಲ್ಲಿ ಒಂದು ಕ್ಷೇತ್ರವನ್ನು ಕೊಟ್ಟನೆಂದು ಅದರಿಂದ ತಿಳಿಯುತ್ತದೆ. ಆ ಬಳಿಕ ರವಿವರ್ಮನ ಕಾಲದ ಪಟವೊಂದು ಈ ದಾನದ ಮುಂದಿನ ಕಥೆಯನ್ನು ಹೇಳುತ್ತದೆ. ಶ್ರುತಕೀರ್ತಿಯು ತೀರಿಕೊಂಡ ಮೇಲೆ ಅದೇ ವಂಶದ ಮುಂದಿನ ದೊರೆಯು ಆ ದತ್ತಿಯನ್ನು ದಾಮಕೀರ್ತಿಯ ತಾಯಿಗೆ ಧರ್ಮಾರ್ಥವಾಗಿ ಕೊಟ್ಟನು. ದಾಮಕೀರ್ತಿಯ ಹಿರಿಯ ಮಗನೂ ಅರಸನ ಪ್ರತೀಹಾರನೂ ಆಗಿದ್ದ ಜಯಕೀರ್ತಿಯು ತನ್ನ ತಂದೆತಾಯಿಗಳ ಪುಣ್ಯಾರ್ಥವಾಗಿ ಪುರುಖೇಟಕವೆಂಬ ಗ್ರಾಮವನ್ನು ಧರ್ಮಕ್ಕೆ ಬಿಟ್ಟನು. ಅದರ ಆದಾಯದಿಂದ ಪಲಾಶಿಕೆಯಲ್ಲಿ ಪ್ರತಿವರ್ಷವೂ ಎಂಟು ದಿನಗಳ ಜಿನೇಂದ್ರ ಮಹೋತ್ಸವ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ರವಿವರ್ಮನು ಕಟ್ಟಳೆಮಾಡಿದನು.

ಈ ಪರಂಪರೆಯಲ್ಲಿ ನಮ್ಮ ವಿಷಯಕ್ಕೆ ಉಪಯುಕ್ತವಾದ ಅಂಶವೊಂದಿದೆ. ಮೊದಲ ಪ್ರತಿಗ್ರಹೀತನು ಸತ್ತೊಡನೆ ದಾನವನ್ನು ಪುನಃ ಕೊಡಬೇಕಾದುದೇಕೆ? ಇದನ್ನು ಎರಡು ವಿಧವಾಗಿ ಅರ್ಥೈಸಬಹುದು. ಮೊದಲಿನ ದಾನವು ಶ್ರುತಕೀರ್ತಿಯ ಜೀವಾವಧಿಗೆ ಮಾತ್ರ ಸೀಮಿತವಾಗಿದ್ದು, ಅವನ ಮರಣದಿಂದ ಅರಸನಿಗೆ ಮರಳಿತೆಂಬುದು ಒಂದು ಅರ್ಥ. ಹಕ್ಕು ವಂಶಕ್ಕೆ ತಾನಾಗಿಯೇ ಸಂದಿದ್ದರೂ ಹೊಸ ಅರಸನು ಅದನ್ನು ದೃಢಪಡಿಸಿದನೆಂಬುದು ಇನ್ನೊಂದು. ಯಾವ ಅರ್ಥವನ್ನು ಹಿಡಿದರೂ, ಪಡೆದವನ ಬಳಿಕ ಆ ವಸ್ತುವಿನ ಗತಿಯೇನೆಂಬ ಪ್ರಶ್ನೆಯನ್ನು ಕದಂಬರ ಕರಣಿಕರು ಗಮನಿಸಿ ಅದಕ್ಕೆ ಲಿಖಿತದಲ್ಲಿ ಉತ್ತರ ಕೊಟ್ಟಿದ್ದರೆಂಬುದು ಸ್ಪಷ್ಟ. ಜಯಕೀರ್ತಿಯ ಹೊತ್ತಿಗೆ ಆ ಮನೆತನವು ಗ್ರಾಮವನ್ನು ಅನುಭವಿಸುವುದಷ್ಟೇ ಅಲ್ಲದೆ ಪರರಿಗೆ ಕೊಡಲೂ ಸಮರ್ಥವಾಗಿತ್ತು. ಕೊಡಬಲ್ಲವನೇ ಒಡೆಯನೆಂಬ ಲೋಕರೂಢಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಪಟದ ಕೊನೆಯಲ್ಲಿ ಬರುವ ಶಾಪಾಶಯದ ಶ್ಲೋಕಗಳನ್ನು ನಾವು ಸಾಮಾನ್ಯವಾಗಿ ರೂಢಿಯ ಮಾತುಗಳೆಂದು ಬಿಟ್ಟುಬಿಡುತ್ತೇವೆ. ತಾನು ಕೊಟ್ಟುದನ್ನಾಗಲಿ ಇತರರು ಕೊಟ್ಟುದನ್ನಾಗಲಿ ಕಸಿದುಕೊಂಡವನಿಗೆ ಅರವತ್ತು ಸಾವಿರ ವರ್ಷಗಳ ದುರ್ಗತಿಯನ್ನು ಹೇಳುವ ಈ ಶ್ಲೋಕಗಳಲ್ಲಿ ‘ತಾನು ಕೊಟ್ಟುದು’ ಎಂಬುದು ಮೊದಲು ಬರುವುದು ಉಲ್ಲೇಖನೀಯ. ಕಳ್ಳನಿಗಿಂತ ಮೊದಲು ದಾನಿಯೇ ಇಲ್ಲಿ ಬಂಧಿತನಾಗುತ್ತಾನೆ. ಕೊಟ್ಟ ಕೈ ಮತ್ತೆ ಹಿಂದೆಗೆದುಕೊಳ್ಳಲಾರದೆಂಬ ಈ ಪ್ರತಿಜ್ಞೆಯೇ ಸ್ವಾಮ್ಯದ ತಿರುಳು.

೩

ಈ ಆಚರಣೆಗೆ ಶಾಸ್ತ್ರದ ಆಧಾರವೂ ಉಂಟು. ಭೂಮಿಯನ್ನು ಕೊಟ್ಟ ಅರಸನು ಮುಂಬರುವ ಅರಸರ ತಿಳಿವಳಿಕೆಗಾಗಿ ಬಟ್ಟೆಯ ಮೇಲೆ ಅಥವಾ ತಾಮ್ರಪಟದ ಮೇಲೆ ತನ್ನ ಮುದ್ರೆಯೊಡನೆ ಲೇಖ್ಯವನ್ನು ಮಾಡಿಸಬೇಕೆಂದು ಯಾಜ್ಞವಲ್ಕ್ಯನು ವಿಧಿಸುತ್ತಾನೆ. ವ್ಯವಹಾರದಲ್ಲಿ ಪ್ರಮಾಣಗಳು ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಬರಹದ ಆಧಾರ, ವಾಸ್ತವವಾದ ಅನುಭವ, ಬಲ್ಲವರ ಮಾತು ಎಂದು ಇವುಗಳನ್ನು ಕನ್ನಡಿಸಬಹುದು. ವಂಶಕ್ರಮದಿಂದ ಬಂದ ಅನುಭವವನ್ನುಳಿದು, ಮಿಕ್ಕ ಅನುಭವಕ್ಕಿಂತ ಆಗಮವೇ, ಎಂದರೆ ಹಕ್ಕಿನ ಮೂಲವೇ ಬಲವತ್ತರ. ಆದರೆ ಲೇಶಮಾತ್ರವೂ ಅನುಭವವಿಲ್ಲದಲ್ಲಿ ಆಗಮಕ್ಕೂ ಬಲವಿಲ್ಲ ಎಂಬುದು ಅವನ ಮತ.

ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (೧೦೭೬-೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಸ್ವತ್ವವೆಂಬುದು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೇ ಅಥವಾ ಲೌಕಿಕವೇ ಎಂಬ ಪ್ರಶ್ನೆಯನ್ನೆತ್ತಿ, ಅದು ಲೌಕಿಕವೇ ಎಂದು ಅವನು ನಿರ್ಣಯಿಸಿದನು. ಶಾಸ್ತ್ರವನ್ನರಿಯದ ಜನರಲ್ಲಿಯೂ ಕ್ರಯವಿಕ್ರಯಗಳು ನಡೆಯುವುದನ್ನು ಅವನು ಇದಕ್ಕೆ ಆಧಾರವಾಗಿ ಕೊಡುತ್ತಾನೆ. ಈ ನಿರ್ಣಯ ನಮ್ಮ ವಿಷಯಕ್ಕೆ ಬಹು ಮುಖ್ಯವಾದುದು. ಸ್ವತ್ವವು ಲೌಕಿಕವಾಗಿದ್ದ ಪಕ್ಷದಲ್ಲಿ, ‘ಕೊಳ್ಳುವುದು’ ಎಂಬ ಮಾತಿಗೆ ಲೋಕದಲ್ಲಿ ಯಾವ ಅರ್ಥವಿದೆಯೋ ಅದನ್ನು ಮಾರುವವನ ಕರಾರುಪತ್ರವು ತನ್ನ ಇಚ್ಛೆಯಂತೆ ಬದಲಿಸಿಕೊಳ್ಳಬಹುದೇ ಎಂದು ಕೇಳುವ ಹಕ್ಕು ನಮಗುಂಟು.

೪

ಇನ್ನು ಬೆಳಗಾವಿಗೆ ಬರೋಣ. ಪ್ರಾಚೀನ ವೇಣುಗ್ರಾಮವಾದ ಈ ನಗರವು ರಟ್ಟರ ರಾಜಧಾನಿಯಾಗಿತ್ತು. ಶಕವರ್ಷ ೧೧೨೭, ಎಂದರೆ ಕ್ರಿ.ಶ. ೧೨೦೪ರಲ್ಲಿ, ನಾಲ್ಕನೆಯ ಕಾರ್ತವೀರ್ಯನ ಆಳ್ವಿಕೆಯಲ್ಲಿ, ಅವನ ಮಂತ್ರಿ ಬೀಚಿರಾಜನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಶುಭಚಂದ್ರ ಭಟ್ಟಾರಕರ ಹಸ್ತದಲ್ಲಿ ದತ್ತಿಗಳು ಸಂದವು. ಇದನ್ನು ತಿಳಿಸುವ ಎರಡು ಶಿಲಾಶಾಸನಗಳನ್ನು ಬಾರ್ನೆಟ್ಟರು ‘ಎಪಿಗ್ರಾಫಿಯಾ ಇಂಡಿಕಾ’ದ ಹದಿಮೂರನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಅರಸನ ಭೂದಾನವಲ್ಲದೆ, ನೆರೆದ ವರ್ತಕಸಮೂಹವು ತಮ್ಮ ಸರಕುಗಳ ಮೇಲೆ ಬಸದಿಗೆ ಸಲ್ಲಬೇಕಾದ ಆಯವನ್ನು ಒಪ್ಪಿಕೊಂಡುದೂ ಇವುಗಳಿಂದ ತಿಳಿಯುತ್ತದೆ. ಲಾಳ ಮತ್ತು ಮಲೆಯಾಳ ದೇಶಗಳ ವರ್ತಕರೂ ಆ ಸಮೂಹದಲ್ಲಿದ್ದರು.

ಈ ಶಾಸನಗಳಲ್ಲಿ ಸಾಕ್ಷಿಯ ಸ್ವರೂಪ ಎದ್ದುಕಾಣುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲಿರುವ ತಾಮ್ರಪಟವು ಪಡೆದವನ ಕೈಯಲ್ಲಿರುತ್ತದೆ. ಆದರೆ ಶಿಲೆಯನ್ನು ಜನರು ಓಡಾಡುವೆಡೆಯಲ್ಲಿ ನೆಟ್ಟರೆ ಊರೇ ಸಾಕ್ಷಿಯಾಗುತ್ತದೆ. ಸುಂಕ ತೆರಬೇಕಾದವರೇ ದಾನಿಗಳೂ ಸಾಕ್ಷಿಗಳೂ ಆಗಿದ್ದುದರಿಂದ ಮರುವರ್ಷ ಅದನ್ನು ಅಲ್ಲಗಳೆಯುವುದು ಅವರಿಗೆ ಸುಲಭವಾಗಿರಲಿಲ್ಲ.

ಈಗ ಆ ಎರಡು ಶಿಲೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಸೇರಿವೆ. ಕಮಲಬಸದಿಯು ಬೆಳಗಾವಿಯ ಕೋಟೆಯೊಳಗೆ ಇಂದಿಗೂ ನಿಂತಿದೆ. ಶಿಲೆಯನ್ನು ಹೊಂದಿದ ಮಾತ್ರಕ್ಕೆ ವೇಣುಗ್ರಾಮದ ಸಂತೆಯ ಆಯದ ಮೇಲೆ ಮ್ಯೂಸಿಯಂಗೆ ಯಾವ ಹಕ್ಕೂ ಹುಟ್ಟಲಿಲ್ಲ. ಶಿಲೆಯನ್ನು ಕಳೆದುಕೊಂಡ ಕಾರಣದಿಂದ ಬಸದಿಯು ಬೇರೊಬ್ಬರದೂ ಆಗಲಿಲ್ಲ. ಲೇಖ್ಯವು ಒಂದು ವಸ್ತು, ಲೇಖ್ಯವು ಹೇಳುವ ಹಕ್ಕು ಇನ್ನೊಂದು. ಇವೆರಡನ್ನೂ ಬೆರೆಸಿದಲ್ಲಿ ಎಂತಹ ಭ್ರಾಂತಿ ಹುಟ್ಟುವುದೆಂಬುದನ್ನು ಮುಂದೆ ನೋಡಲಿದ್ದೇವೆ.

೫

ಲೇಖ್ಯವಿಲ್ಲದಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೆ ಹತ್ತೊಂಬತ್ತನೆಯ ಶತಮಾನವು ಕಹಿಯಾದ ಉತ್ತರವನ್ನು ಕೊಟ್ಟಿತು. ೧೮೧೮ರಲ್ಲಿ ಪೇಶ್ವೆಯರ ಆಳ್ವಿಕೆ ಮುಗಿದು ಈ ಸೀಮೆಯು ಕುಂಪಣಿ ಸರಕಾರಕ್ಕೆ ಸೇರಿತು. ೧೮೩೬ರಲ್ಲಿ ಬೆಳಗಾವಿಯು ಧಾರವಾಡದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ೧೮೫೨ರ ಹನ್ನೊಂದನೆಯ ಕಾಯಿದೆಯಂತೆ ಇನಾಮ ಕಮಿಶನ್ನು ದಕ್ಷಿಣ ಮರಾಠಾ ಸೀಮೆಯಲ್ಲಿ ಇನಾಮದಾರರ ಹಕ್ಕುಗಳನ್ನು ವಿಚಾರಿಸತೊಡಗಿತು. ತಲೆಮಾರುಗಳಿಂದ ಉಣ್ಣುತ್ತ ಬಂದ ಭೂಮಿಗೆ ಸನದನ್ನು ತೋರಿಸೆಂದಾಗ ಅನೇಕರ ಬಳಿ ತೋರಿಸಲು ಏನೂ ಇರಲಿಲ್ಲ. ಹೀಗೆ ಹುಟ್ಟಿದ ಅಸಮಾಧಾನವು ೧೮೫೮ರ ನರಗುಂದದ ಬಂಡಾಯಕ್ಕೆ ಕಾರಣಗಳಲ್ಲೊಂದಾಯಿತೆಂದು ಇತಿಹಾಸಕಾರರು ಗುರುತಿಸಿದ್ದಾರೆ. ಕೊನೆಗೆ ೧೮೬೩ರ ಮುಂಬಯಿ ಸರಕಾರದ ಎರಡನೆಯ ಕಾಯಿದೆಯು, ಗೊತ್ತಾದ ಕಾಣಿಕೆಯನ್ನು ತೆರಲು ಒಪ್ಪಿದ ಇನಾಮದಾರರಿಗೆ ವಂಶಪಾರಂಪರ್ಯವೂ ಪರಭಾರೆಗೆ ಯೋಗ್ಯವೂ ಆದ ಹಕ್ಕನ್ನು ಸ್ಥಿರಪಡಿಸಿತು. ಶ್ರುತಕೀರ್ತಿಯ ಮರಣದಿಂದ ಎದ್ದ ಪ್ರಶ್ನೆಗೆ ಹದಿನಾಲ್ಕು ಶತಮಾನಗಳ ಬಳಿಕವೂ ಅದೇ ಎರಡು ಮಾತುಗಳಲ್ಲಿ ಉತ್ತರ ಕೊಡಬೇಕಾಯಿತು.

೧೯೫೬ರ ನವೆಂಬರ ೧ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. ೧೯೬೪ರ ಭೂಕಂದಾಯ ಕಾಯಿದೆಯ ೧೩೩ನೆಯ ಕಲಮಿನಂತೆ, ಹಕ್ಕುದಾಖಲೆಯ ನಮೂದನ್ನು ವಿರುದ್ಧವಾದುದು ಸಿದ್ಧವಾಗುವವರೆಗೆ ನಿಜವೆಂದು ಭಾವಿಸತಕ್ಕದ್ದು. ನಮೂದು ಹಕ್ಕನ್ನು ಹುಟ್ಟಿಸುವುದಿಲ್ಲ, ತೋರಿಸುತ್ತದೆ ಎಂಬ ವಿವೇಕ ಇಲ್ಲಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆಯು ರಾಜ್ಯದ ಸುಮಾರು ೬೭ ಲಕ್ಷ ಹಿಡುವಳಿದಾರರ ಸುಮಾರು ೨ ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು; ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಅಂದಿನಿಂದ ಖಾನಾಪುರದ ರೈತನ ಲೇಖ್ಯವು ಡಿಜಿಟಲ್ ವಸ್ತುವೇ ಆಗಿದೆ. ಆದರೂ ಅವನಿಗೆ ಮೂರು ರಕ್ಷಣೆಗಳುಂಟು. ಲೇಖ್ಯ ಗಣಕದಲ್ಲಿದ್ದರೂ ಹೊಲವು ಅವನ ಕಾಲ ಕೆಳಗಿದೆ. ನಮೂದನ್ನು ಬದಲಿಸಬೇಕಾದರೆ ಅವನಿಗೆ ನೋಟೀಸು ಕೊಡಬೇಕು. ತಪ್ಪಾದರೆ ಅಪೀಲಿಗೆ ಅವಕಾಶವಿದೆ.

೬

ಮೇಲಿನ ವಿವೇಚನೆಯಿಂದ ಸ್ವಾಮ್ಯದ ನಾಲ್ಕು ಲಕ್ಷಣಗಳನ್ನು ಹೊರತೆಗೆಯಬಹುದು. ಕೊಟ್ಟುದು ಇಷ್ಟೆಂಬ ನಿಶ್ಚಯ ಮೊದಲನೆಯದು. ಮೃಗೇಶವರ್ಮನ ಹಲಸಿಯ ಶಾಸನವು ಮೂವತ್ತಮೂರು ನಿವರ್ತನಗಳೆಂದು ಭೂಮಿಯ ಅಳತೆಯನ್ನು ಹೇಳುವುದು ಇದಕ್ಕಾಗಿಯೇ. ಕೊಟ್ಟವನು ಹಿಂದೆಗೆದುಕೊಳ್ಳಲಾರನೆಂಬ ಅಬಾಧೆ ಎರಡನೆಯದು. ಕೊಟ್ಟವನ ಅಂಕೆಗೆ ಒಳಪಡದ ಸಾಕ್ಷಿ ಮೂರನೆಯದು. ಮಕ್ಕಳಿಗೆ ಸಲ್ಲುವ ಅಥವಾ ಪರಭಾರೆಮಾಡುವ ಅಧಿಕಾರ ನಾಲ್ಕನೆಯದು. ಡಿಜಿಟಲ್ ವಸ್ತುಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡೋಣ.

ಮುದ್ರಿತ ಪುಸ್ತಕದ ವಿಷಯದಲ್ಲಿ ನಮ್ಮ ೧೯೫೭ರ ಕೃತಿಸ್ವಾಮ್ಯ ಕಾಯಿದೆಯ ನಿಲುವು ಸ್ಪಷ್ಟವಾಗಿದೆ. ಒಮ್ಮೆ ಚಲಾವಣೆಗೆ ಬಂದ ಪ್ರತಿಯನ್ನು ಕೊಂಡವನು ಮರುಮಾರಾಟ ಮಾಡುವುದನ್ನು ಕೃತಿಕಾರನು ತಡೆಯಲಾರನು. ಕೃತಿಯು ಕರ್ತೃವಿನದು, ಪ್ರತಿಯು ಕೊಂಡವನದು. ತಂತ್ರಾಂಶದ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೪ರ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಮೊಕದ್ದಮೆಯಲ್ಲಿ, ಮಾಧ್ಯಮದ ಮೇಲೆ ಅಚ್ಚಾಗಿ ಮಾರಾಟವಾಗುವ ತಂತ್ರಾಂಶವು ‘ಸರಕು’ ಎಂದು ತೀರ್ಮಾನಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ತೀರ್ಪಿನ ಮೇಲಿನ ಅಪೀಲಾಗಿ ಬಂದ ಎಂಜಿನಿಯರಿಂಗ್ ಅನಾಲಿಸಿಸ್ ಮೊಕದ್ದಮೆಯಲ್ಲಿ, ೨೦೨೧ರ ಮಾರ್ಚ್ ೨ರಂದು, ಕೃತಿಸ್ವಾಮ್ಯವೇ ಬೇರೆ, ಕೃತಿಸ್ವಾಮ್ಯವುಳ್ಳ ವಸ್ತುವೇ ಬೇರೆ ಎಂಬ ಭೇದವನ್ನು ಅದೇ ನ್ಯಾಯಾಲಯವು ಎತ್ತಿಹಿಡಿಯಿತು. ತೆರಿಗೆಯ ಸಂದರ್ಭದಲ್ಲಿ ಹುಟ್ಟಿದ ಈ ತೀರ್ಪುಗಳು ಡಿಜಿಟಲ್ ಪ್ರತಿಗೂ ವಸ್ತುತ್ವ ಸಲ್ಲಬಹುದೆಂದು ಸೂಚಿಸುತ್ತವೆ. ೨೦೨೨ರ ಹಣಕಾಸು ಕಾಯಿದೆಯು ‘ವರ್ಚುವಲ್ ಡಿಜಿಟಲ್ ಆಸ್ತಿ’ಯನ್ನು ನಿರೂಪಿಸಿ ಅದರ ಲಾಭಕ್ಕೆ ಶೇಕಡಾ ೩೦ರ ತೆರಿಗೆಯನ್ನು ವಿಧಿಸಿತು. ೨೦೨೫ರ ಅಕ್ಟೋಬರಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಕ್ರಿಪ್ಟೊ ನಾಣ್ಯವು ಸ್ವತ್ತೆಂದು ಹೇಳಿತು.

ಆದರೆ ದಿನಬಳಕೆಯ ಇ-ಪುಸ್ತಕ, ಸಂಗೀತಗಳಲ್ಲಿ ಕರಾರುಪತ್ರವು ಬೇರೆಯ ಮಾತನ್ನಾಡುತ್ತದೆ. ‘ಕೊಳ್ಳಿರಿ’ ಎಂಬ ಗುಂಡಿಯ ಹಿಂದೆ ಇರುವುದು ಪರವಾನಗಿ. ಅಬಾಧೆಯ ಪ್ರತಿಜ್ಞೆಯಿರಲಿ, ಷರತ್ತುಗಳನ್ನು ತಾನೇ ಬದಲಿಸುವ ಅಧಿಕಾರವನ್ನು ಕೊಟ್ಟವನು ಬಹುಮಟ್ಟಿಗೆ ಇರಿಸಿಕೊಂಡಿರುತ್ತಾನೆ. ಲಿಖಿತವೂ ಅವನದೇ, ಸಾಕ್ಷಿಯಾಗಬೇಕಾದ ಲೆಕ್ಕವೂ ಅವನ ಯಂತ್ರದಲ್ಲಿಯೇ. ಇನ್ನು ಪರಂಪರೆ: ಆಪಲ್ ಸಂಸ್ಥೆಯು ೨೦೨೧ರ ಡಿಸೆಂಬರಿನಲ್ಲಿ ಮೃತನ ಖಾತೆಯನ್ನು ನೋಡಲು ಅವನು ಮೊದಲೇ ಹೆಸರಿಸಿದ ಆಪ್ತರಿಗೆ ಅವಕಾಶ ಕಲ್ಪಿಸಿತು, ಕುಟುಂಬದ ಭಾವಚಿತ್ರಗಳು ಹಾಗೆ ದೊರೆಯುತ್ತವೆ, ಮೃತನು ಹಣಕೊಟ್ಟು ಪಡೆದ ಪುಸ್ತಕ, ಸಂಗೀತ, ಚಲಚ್ಚಿತ್ರಗಳು ದೊರೆಯುವುದಿಲ್ಲ. ಐರೋಪ್ಯ ಒಕ್ಕೂಟದ ನ್ಯಾಯಾಲಯವು ೨೦೧೨ರಲ್ಲಿ ಇಳಿಸಿಕೊಂಡ ತಂತ್ರಾಂಶದ ಮರುಮಾರಾಟವನ್ನು ಮನ್ನಿಸಿತಾದರೂ ೨೦೧೯ರಲ್ಲಿ ಇ-ಪುಸ್ತಕಕ್ಕೆ ಅದನ್ನು ವಿಸ್ತರಿಸಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ೨೦೨೫ರ ಆರಂಭದಿಂದ ಜಾರಿಗೆ ಬಂದ ಕಾಯಿದೆಯು, ಪರವಾನಗಿ ಮಾತ್ರವೆಂದು ಸ್ಪಷ್ಟಪಡಿಸದೆ ‘ಕೊಳ್ಳಿರಿ’ ಎಂಬ ಪದವನ್ನು ಬಳಸಬಾರದೆಂದು ವಿಧಿಸಿತು. ಪದದ ಲೌಕಿಕಾರ್ಥವನ್ನು ಕಾಪಾಡುವ ಈ ಕ್ರಮಕ್ಕೆ ವಿಜ್ಞಾನೇಶ್ವರನ ಸಮ್ಮತಿ ದೊರೆಯುತ್ತಿತ್ತೆಂದು ಊಹಿಸಲಡ್ಡಿಯಿಲ್ಲ.

ಬ್ಲಾಕ್‌ಚೈನ್ ಎಂಬ ಲೆಕ್ಕಪುಸ್ತಕವು ಈ ದೋಷವನ್ನು ನೀಗಿಸುವುದೆಂದು ಕೆಲವರ ವಾದ. ಅನೇಕ ಯಂತ್ರಗಳಲ್ಲಿ ಏಕಕಾಲಕ್ಕೆ ಇರುವ ಅದು ವೇಣುಗ್ರಾಮದ ವರ್ತಕಸಮೂಹದಂತೆ ಸಾಕ್ಷಿಯಾಗಬಲ್ಲುದು ನಿಜ. ೨೦೨೧ರ ಮಾರ್ಚಿನಲ್ಲಿ ಬೀಪಲ್ ಎಂಬ ಕಲಾವಿದನ ಚಿತ್ರವೊಂದರ ಎನ್.ಎಫ್.ಟಿ. ಟೋಕನ್ನು ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು ೬ ಕೋಟಿ ೯೩ ಲಕ್ಷ ಡಾಲರುಗಳಿಗೆ ಮಾರಾಟವಾಯಿತು. ಕೊಂಡವನಿಗೆ ದೊರೆತುದು ಟೋಕನ್ನು. ಚಿತ್ರದ ಕೃತಿಸ್ವಾಮ್ಯ ಕಲಾವಿದನಲ್ಲಿಯೇ ಉಳಿಯಿತು. ಚಿತ್ರವನ್ನು ಲೋಕವೆಲ್ಲ ನೋಡುತ್ತಲೇ ಇದೆ. ಲಂಡನ್ನಿನಲ್ಲಿರುವ ಶಿಲೆಯ ನಿದರ್ಶನ ಇಲ್ಲಿ ನೆನಪಿಗೆ ಬರಬೇಕು. ಪಟವು ಯಾರ ಕೈಯಲ್ಲಿದೆಯೆಂದು ಸಾಕ್ಷಿಯು ಹೇಳೀತು. ಪಟವು ಹೇಳುವ ಹೊಲವನ್ನು ಬಿಡಿಸಿಕೊಡಲು ಸಾಕ್ಷಿಗೆ ಶಕ್ತಿಯಿಲ್ಲ. ಅದಕ್ಕೆ ರಾಜ್ಯದ ಕಾಯಿದೆಯೇ ಬೇಕು.

೭

ಈ ವಿಚಾರವು ವಿದ್ಯಾಸಂಸ್ಥೆಗಳಿಗೆ ಬಹು ಸಮೀಪದ್ದು. ೧೯೯೮ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ತನ್ನ ಕಾಲೇಜುಗಳಿಗೆ ಒಕ್ಕೂಟದ ಮೂಲಕ ಇ-ಸಂಪನ್ಮೂಲಗಳನ್ನು ಒದಗಿಸುತ್ತ ಬಂದಿದೆ. ಕೇಂದ್ರ ಸರಕಾರವು ೨೦೨೪ರ ನವೆಂಬರಿನಲ್ಲಿ ಒಪ್ಪಿದ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಯಲ್ಲಿ ೨೦೨೫ರಿಂದ ೨೦೨೭ರವರೆಗಿನ ಮೂರು ವರ್ಷಗಳಿಗೆ ೬,೦೦೦ ಕೋಟಿ ರೂಪಾಯಿಗಳನ್ನು ಗೊತ್ತುಮಾಡಲಾಯಿತು. ಸುಮಾರು ೧೩,೦೦೦ ಪತ್ರಿಕೆಗಳು ಅದರ ವ್ಯಾಪ್ತಿಗೆ ಬಂದವು. ಸಣ್ಣ ಊರಿನ ವಿದ್ಯಾರ್ಥಿಗೂ ದೊಡ್ಡ ಗ್ರಂಥಾಲಯವನ್ನು ತೆರೆದಿಡುವ ಇಂತಹ ಏರ್ಪಾಡುಗಳ ಉಪಕಾರ ಅಲ್ಪವಾದುದಲ್ಲ. ಆದರೆ ಚಂದಾ ಎಂಬುದು ಭುಕ್ತಿ, ಆಗಮವಲ್ಲ. ಕಾಗದದ ಪತ್ರಿಕೆಯ ಚಂದಾ ನಿಂತರೂ ಹಿಂದಿನ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ಕರಾರಿನಲ್ಲಿ ಶಾಶ್ವತ ಪ್ರವೇಶವನ್ನು ಬರೆಯಿಸಿಕೊಳ್ಳದ ಇ-ಚಂದಾ ನಿಂತರೆ, ಹಣ ತೆತ್ತ ವರ್ಷಗಳ ಸಂಪುಟಗಳೂ ಕೈತಪ್ಪಬಹುದು.

ಇದಕ್ಕೆ ವಿರುದ್ಧವಾದ ಮಾರ್ಗವೂ ನಮ್ಮ ನಾಡಿನಲ್ಲಿ ತೋರಿಬಂದಿದೆ. ೨೦೧೪ರಲ್ಲಿ ಮೈಸೂರು ವಿಶ್ವವಿದ್ಯಾಲಯವು ತನ್ನ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಮುಕ್ತ ಪರವಾನಗಿಯಲ್ಲಿ ಬಿಡುಗಡೆಮಾಡಿತು. ನಿರಂಜನರ ಕೃತಿಗಳೂ ಅದೇ ಬಗೆಯಲ್ಲಿ ಮುಕ್ತವಾದವು. ಕೃತಿಸ್ವಾಮ್ಯವನ್ನು ಇರಿಸಿಕೊಂಡೇ, ಕರ್ತೃವಿನ ಹೆಸರನ್ನು ಹೇಳಿ ಯಾರಾದರೂ ಬಳಸಬಹುದು, ಹಂಚಬಹುದು ಎಂದು ಇಲ್ಲಿ ಕೊಡಲಾಗುತ್ತದೆ. ಷರತ್ತನ್ನು ಪಾಲಿಸಿದವನಿಂದ ಈ ಅನುಮತಿಯನ್ನು ಹಿಂದೆಗೆದುಕೊಳ್ಳುವಂತಿಲ್ಲ. ನಮ್ಮ ಶಾಸನಗಳ ಸರ್ವಬಾಧಾಪರಿಹಾರದ ದತ್ತಿಗೆ ಡಿಜಿಟಲ್ ಲೋಕದಲ್ಲಿ ಇದೇ ಅತ್ಯಂತ ಸಮೀಪವಾದುದು.

ಒಟ್ಟಿನಲ್ಲಿ, ಹಣ ಕೊಟ್ಟು ಪಡೆಯುವ ಡಿಜಿಟಲ್ ವಸ್ತುಗಳಲ್ಲಿ ಹೆಚ್ಚಿನವು ಸ್ವಾಮ್ಯದ ನಾಲ್ಕು ಲಕ್ಷಣಗಳಲ್ಲಿ ಮೂರನ್ನು ಹೊಂದಿಲ್ಲವೆಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ವಸ್ತುವು ಸ್ಪರ್ಶಕ್ಕೆ ಸಿಕ್ಕದೆಂಬುದು ಇದಕ್ಕೆ ಕಾರಣವಲ್ಲ. ವರ್ತಕರ ಆಯವೂ ಸ್ಪರ್ಶಕ್ಕೆ ಸಿಕ್ಕದ ಹಕ್ಕಾಗಿದ್ದು ಬಸದಿಗೆ ದತ್ತಿಯಾಯಿತು. ಕೊಡುವವನು ತನ್ನನ್ನು ತಾನು ಕಟ್ಟಿಕೊಳ್ಳಲು ಒಪ್ಪದಿರುವುದೇ ಕಾರಣ. ಆದುದರಿಂದ ನಮ್ಮ ಗ್ರಂಥಾಲಯಗಳು ಇ-ಸಂಪನ್ಮೂಲಗಳ ಕರಾರಿಗೆ ರುಜುಹಾಕುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳುವುದು ಅವಶ್ಯಕ: ದೊರೆಯುವುದು ಏನು ಮತ್ತು ಎಷ್ಟು? ಕೊಟ್ಟವನು ಅದನ್ನು ಹಿಂದೆಗೆದುಕೊಳ್ಳಬಲ್ಲನೇ? ಅವನ ಸಂಸ್ಥೆ ಮುಚ್ಚಿದರೆ ಪ್ರತಿಯು ಬೇರೆಲ್ಲಿಯಾದರೂ ಇರುವುದೇ? ಚಂದಾ ಮುಗಿದ ಮೇಲೆ ಮುಂದಿನ ವಿದ್ಯಾರ್ಥಿಗೆ ಏನು ಉಳಿಯುತ್ತದೆ? ಇವುಗಳಿಗೆ ಬರುವ ಉತ್ತರಗಳನ್ನು ಲಿಖಿತರೂಪದಲ್ಲಿ ಪಡೆದು ಸಂಸ್ಥೆಯ ಕಾಗದಪತ್ರಗಳಲ್ಲಿ ಇರಿಸತಕ್ಕದ್ದು. ಕಾಯಿದೆಯನ್ನು ಮಾಡುವವರು ಈ ವಿಷಯವನ್ನು ಕೈಗೆತ್ತಿಕೊಳ್ಳುವಾಗ ಹಲಸಿಯ ಪಟಗಳನ್ನೂ ಬೆಳಗಾವಿಯ ಶಿಲೆಗಳನ್ನೂ ಒಮ್ಮೆ ಓದಿದರೆ ಅವರ ಕೆಲಸ ಹಗುರವಾದೀತು.